ಉದ್ಯಮಿಯ ಒತ್ತಡಕ್ಕೆ ಯೋಗ ಮತ್ತು ಧ್ಯಾನ: ಏನು ಸಾಧ್ಯ, ಏನು ಅಸಾಧ್ಯ

ಪ್ರತಿ ತಿಂಗಳ 7ನೇ ತಾರೀಖು ಮೂಲದಲ್ಲಿ ಕಡಿತ ಮಾಡಿದ ತೆರಿಗೆಯನ್ನು ಕಟ್ಟುವ ದಿನ. 11ರಂದು ಮಾರಾಟದ ವಿವರಗಳ ಜಿ.ಎಸ್.ಟಿ. ನಮೂನೆ, 15ರಂದು ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆ, 20ರಂದು ಜಿ.ಎಸ್.ಟಿ. ರಿಟರ್ನು, ಅದರೊಂದಿಗೆ ತೆರಿಗೆಯ ಹಣ. ಇವುಗಳ ನಡುವೆ ಸಂಬಳದ ದಿನ, ವಿದ್ಯುತ್ ಬಿಲ್ಲಿನ ದಿನ, ಬ್ಯಾಂಕಿನ ಕಂತಿನ ದಿನ. ನಾವು ಕೊಡಬೇಕಾದ ಹಣಕ್ಕೆಲ್ಲ ತಾರೀಖು ಉಂಟು. ನಮಗೆ ಬರಬೇಕಾದ ಹಣಕ್ಕೆ ಮಾತ್ರ ತಾರೀಖಿಲ್ಲ. ಸಣ್ಣ ಉತ್ಪಾದಕರಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ವಿಧಿಸಿದ್ದರೂ, 120 ದಿನ ಕಾದ ಅನುಭವವಿಲ್ಲದ ಸದಸ್ಯರು ನಮ್ಮಲ್ಲಿ ವಿರಳ. ಇತ್ತ ಬ್ಯಾಂಕಿನ ಕಂತು 90 ದಿನ ಬಾಕಿಯಾದರೆ ನಮ್ಮ ಖಾತೆ ಅನುತ್ಪಾದಕ ಆಸ್ತಿಯ ಪಟ್ಟಿಗೆ ಸೇರುತ್ತದೆ. ಆ 90ನೇ ದಿನಕ್ಕೂ ಈ 120ನೇ ದಿನಕ್ಕೂ ನಡುವಿನ ಅಂತರದಲ್ಲಿಯೇ ಉದ್ಯಮಿಯ ನಿದ್ರೆ ಕಳೆದುಹೋಗುವುದು.

ಈ ಪತ್ರಿಕೆಯ ಪುಟಗಳಲ್ಲಿ ತೆರಿಗೆ, ಸುಂಕ, ಸಾಲಸೌಲಭ್ಯ, ರಫ್ತಿನ ಅವಕಾಶಗಳ ಕುರಿತು ತಜ್ಞರು ಬರೆಯುತ್ತ ಬಂದಿದ್ದಾರೆ. ಅವೆಲ್ಲವನ್ನೂ ನಿಭಾಯಿಸಬೇಕಾದವನ ದೇಹ ಮತ್ತು ಮನಸ್ಸುಗಳ ಕುರಿತು ಬರೆಯುವ ಸಾಹಸವನ್ನು ನಾನು ಮಾಡುತ್ತಿದ್ದೇನೆ. ನಾನು ಯೋಗಾಚಾರ್ಯನೂ ಅಲ್ಲ, ವೈದ್ಯನೂ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್‌ಗಳ ಬಿಡಿಭಾಗಗಳನ್ನು ತಯಾರಿಸುವ, 14 ಜನ ದುಡಿಯುವ ಘಟಕವೊಂದರ ಮಾಲೀಕ. ಯೋಗದಿಂದ ಸಕಲ ಕಷ್ಟಗಳೂ ಪರಿಹಾರವಾಗುತ್ತವೆ ಎನ್ನುವವರ ಮಾತನ್ನೂ, ಅದೆಲ್ಲ ಕೆಲಸವಿಲ್ಲದವರ ಕಾಲಹರಣ ಎನ್ನುವವರ ಮಾತನ್ನೂ ಸಾಕಷ್ಟು ಕೇಳಿದ್ದೇನೆ. ಎರಡನೆಯ ಮಾತನ್ನು ಬಹುಕಾಲ ನಾನೇ ಆಡುತ್ತಿದ್ದೆ.

ಒತ್ತಡವು ಯಂತ್ರದವರೆಗೆ ಇಳಿದ ದಿನ

ಅದು 2018ರ ಮಾರ್ಚ್ ತಿಂಗಳ ಕೊನೆಯ ವಾರ. ಜಿ.ಎಸ್.ಟಿ. ಜಾರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೊರರಾಜ್ಯದ ದೊಡ್ಡ ಗ್ರಾಹಕರೊಬ್ಬರಿಂದ ಸುಮಾರು 11 ಲಕ್ಷ ರೂಪಾಯಿ ಏಳು ತಿಂಗಳಿನಿಂದ ಬಾಕಿಯಿತ್ತು. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ಪೂರ್ಣ ಬಳಕೆಯಾಗಿತ್ತು. ವರ್ಷಾಂತ್ಯದೊಳಗೆ ಮತ್ತೊಬ್ಬ ಗ್ರಾಹಕರಿಗೆ ಸರಕು ಕಳುಹಿಸಿದರೆ ಮಾತ್ರ ಸಂಬಳಕ್ಕೆ ಹಣ ಒದಗುವ ಸ್ಥಿತಿ. ಬೆಳಿಗ್ಗೆ ಬ್ಯಾಂಕಿನವರೊಂದಿಗೆ ದೂರವಾಣಿಯಲ್ಲಿ ಮಾತು ಮುಗಿಸಿ, ಅದೇ ಬಿಸಿಯಲ್ಲಿ ಯಂತ್ರಗಳ ಬಳಿಗೆ ಹೋಗಿ ಎಲ್ಲರ ಮೇಲೆ ಕೂಗಾಡಿದೆ. ಹತ್ತು ನಿಮಿಷ ಕಳೆದಿರಲಿಲ್ಲ, ಲೇತಿನ ಮೇಲೆ ಕೆಲಸ ಮಾಡುತ್ತಿದ್ದ 22ರ ಯುವಕನೊಬ್ಬ ಯಂತ್ರವನ್ನು ನಿಲ್ಲಿಸದೆ, ಉಪಕರಣಕ್ಕೆ ಸುತ್ತಿಕೊಂಡಿದ್ದ ಲೋಹದ ಸುರುಳಿಯನ್ನು ಕೈಯಿಂದಲೇ ಎಳೆದ. ಕೈಗೆ ಬಟ್ಟೆಯ ಗವಸಿತ್ತು. ಅದು ಸಿಕ್ಕಿಕೊಂಡಿತು. ಎರಡು ಬೆರಳುಗಳು ಜಜ್ಜಿಹೋದವು.

ತಿರುಗುವ ಯಂತ್ರದ ಬಳಿ ಗವಸು ಧರಿಸಬಾರದು, ಸುರುಳಿಯನ್ನು ಕೊಕ್ಕೆಯಿಂದಲೇ ತೆಗೆಯಬೇಕು ಎಂಬ ನಿಯಮ ನಮ್ಮ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಕೊಕ್ಕೆಯೂ ಅದೇ ಗೋಡೆಗೆ ತೂಗುತ್ತಿತ್ತು. ಮರುದಿನ ಆಸ್ಪತ್ರೆಯಲ್ಲಿ, "ಕೊಕ್ಕೆ ಯಾಕ ತಗೊಳ್ಳಿಲ್ಲಪಾ?" ಎಂದು ಕೇಳಿದೆ. "ನೀವು ಒದರಾಕತ್ತಿದ್ರಿ ಸಾಹೇಬ್ರ, ಗಡಬಡಿ ಆತು" ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಮೂರು ತಿಂಗಳ ನಂತರ ಕೆಲಸಕ್ಕೆ ಮರಳಿದ. ಈಗಲೂ ನಮ್ಮಲ್ಲಿಯೇ ಇದ್ದಾನೆ. ಒಂದು ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ.

ಮಾಲೀಕನ ಒತ್ತಡವು ಮಾಲೀಕನ ರಕ್ತದೊತ್ತಡಕ್ಕೆ ಸಂಬಂಧಿಸಿದ ಖಾಸಗಿ ಸಂಗತಿಯೆಂದು ನಾನು ಅಂದಿನವರೆಗೆ ಭಾವಿಸಿದ್ದೆ. ಅದು ಕಚೇರಿಯಿಂದ ಮೇಲ್ವಿಚಾರಕನಿಗೆ, ಅವನಿಂದ ಯಂತ್ರಕ್ಕೆ, ಯಂತ್ರದಿಂದ ಸರಕಿನ ಗುಣಮಟ್ಟಕ್ಕೆ ಇಳಿಯುತ್ತದೆ. ಅಂಗಡಿಯಾದರೆ ಗಲ್ಲಾಪೆಟ್ಟಿಗೆಯಿಂದ ಗುಮಾಸ್ತನಿಗೆ, ಗುಮಾಸ್ತನಿಂದ ಗಿರಾಕಿಗೆ. ಆದ್ದರಿಂದ ಈ ವಿಷಯವು ವಾಣಿಜ್ಯ ಪತ್ರಿಕೆಯಲ್ಲಿ ಚರ್ಚೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಗ್ಯಾಸ್ ಎಂಬ ಭ್ರಮೆ, ಟಿ.ವಿ. ನೋಡಿ ಕಲಿತ ಕಪಾಲಭಾತಿ

ಆ ಘಟನೆಗೆ ಮೊದಲೇ ನನ್ನ ದೇಹ ಸೂಚನೆಗಳನ್ನು ಕೊಡುತ್ತಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು, ಎದೆ ಬಿಗಿಯುವುದು, ಅಂಗೈ ಬೆವರುವುದು. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದಕ್ಕೆ ಗ್ಯಾಸ್ ಎಂದು ಹೆಸರಿಡುವ ರೂಢಿ. ನಾನೂ ಜೀರಿಗೆ ನೀರು, ಸೋಡಾ ಕುಡಿದು ಕಾಲ ತಳ್ಳಿದೆ. ಕೊನೆಗೆ ವೈದ್ಯರ ಬಳಿ ಹೋದಾಗ ಇ.ಸಿ.ಜಿ. ಸರಿಯಾಗಿತ್ತು, ರಕ್ತದೊತ್ತಡ ಮಾತ್ರ 160/100 ಇತ್ತು. ಒತ್ತಡಕ್ಕೆ ಮಾತ್ರೆ ಬರೆದುಕೊಟ್ಟು, ಉಳಿದುದು ಆತಂಕ, ಯೋಗ ಕಲಿಯಿರಿ ಎಂದರು. ಎದೆ ಬಿಗಿತ ಕಂಡವರು ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಬೇಕು, ಯೋಗದ ಮಾತು ಅದರ ನಂತರದ್ದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಉದ್ಯಮಿಗೆ ಎಲ್ಲವೂ ಬೇಗ ಆಗಬೇಕು. ನಾನು ಟಿ.ವಿ. ನೋಡಿ ಕಪಾಲಭಾತಿ ಆರಂಭಿಸಿದೆ. ಮೊದಲ ವಾರದಲ್ಲಿಯೇ ದಿನಕ್ಕೆ 300 ಎಂದು ಗುರಿ ನಿಗದಿಪಡಿಸಿಕೊಂಡೆ, ಉತ್ಪಾದನೆಯ ಗುರಿ ಇಟ್ಟುಕೊಳ್ಳುವಂತೆ. ಐದನೆಯ ದಿನ ತಲೆ ಸುತ್ತಿ ಗೋಡೆ ಹಿಡಿದು ಕುಳಿತೆ. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟವನ್ನೂ, ಉಸಿರು ಬಿಗಿಹಿಡಿಯುವ ಕುಂಭಕವನ್ನೂ, ತಲೆ ಕೆಳಗಾಗುವ ಆಸನಗಳನ್ನೂ ಮಾಡಬಾರದು ಎಂಬ ಪ್ರಾಥಮಿಕ ವಿಷಯ ನನಗೆ ಗೊತ್ತಿರಲಿಲ್ಲ. ಹೃದ್ರೋಗ, ಹರ್ನಿಯಾ ಇರುವವರಿಗೂ ರಭಸದ ಉಸಿರಾಟ ಸಲ್ಲದು. ಗ್ಲಾಕೋಮಾ ಇರುವವರಿಗೆ ಶೀರ್ಷಾಸನ ಅಪಾಯಕಾರಿ, ಏಕೆಂದರೆ ಅದರಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚುತ್ತದೆ.

ಆನಂತರ ಸಿಕ್ಕವರು ಒಬ್ಬ ನಿವೃತ್ತ ದೈಹಿಕ ಶಿಕ್ಷಕರು. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮದಲ್ಲಿ, ಶ್ರೀ ರಾಘವೇಂದ್ರ ಸ್ವಾಮೀಜಿಯವರು ಇದ್ದ ಕಾಲದಲ್ಲಿಯೇ ಯೋಗ ಕಲಿತವರು. ಯೋಗವನ್ನು ಶಿಬಿರಗಳ ಮೂಲಕ ಸಾಮಾನ್ಯ ಜನರ ಬಳಿಗೆ ಒಯ್ದ ಮಲ್ಲಾಡಿಹಳ್ಳಿಯ ಕೆಲಸವನ್ನು, ಇಂದಿನ ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನದ ಗದ್ದಲದಲ್ಲಿ ನಾವು ಮರೆಯುತ್ತಿದ್ದೇವೆಯೇ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಆ ಮಾತು ಇರಲಿ.

ಮಾಸ್ತರರು ಮೊದಲ ದಿನವೇ ಶವಾಸನದಲ್ಲಿ ಮಲಗಿಸಿದರು. ಕಣ್ಣು ಮುಚ್ಚಿದೊಡನೆ ನನಗೆ ಕಂಡದ್ದು ಬಾಕಿದಾರರ ಪಟ್ಟಿ, ಹೆಸರು, ಮೊತ್ತ, ದಿನಗಳ ಸಮೇತ. ಹತ್ತು ದಿನವೂ ಅದೇ. ಧ್ಯಾನಕ್ಕೆ ಕುಳಿತರಂತೂ ಎದೆಬಡಿತ ಇನ್ನೂ ಹೆಚ್ಚುತ್ತಿತ್ತು. ಇದು ನನಗೆ ಆಗಿಬರುವುದಿಲ್ಲ ಎಂದು ಹೇಳಲು ಹೋದಾಗ ಅವರು ನಕ್ಕು, "ಸಾಹುಕಾರ್ರ, ಕಣ್ಣು ಮುಚ್ಚಬ್ಯಾಡ್ರಿ. ಮುಚ್ಚಿದ್ರ ನಿಮಗ ಕಿರ್ದಿ ಪುಸ್ತಕ ಕಾಣತೈತಿ. ಫ್ಯಾನ್ ನೋಡ್ಕೋತ ಮಲಗ್ರಿ. ಮೊದಲ ಮೈ ದಣೀಲಿ, ಮನಸ್ಸು ಆಮ್ಯಾಗ" ಎಂದರು.

ಮೊದಲು ದೇಹ, ನಂತರ ಮನಸ್ಸು

ಮಾಸ್ತರರ ಈ ಮಾತಿಗೆ ಶಾಸ್ತ್ರದ ಆಧಾರವೂ ಪ್ರಯೋಗದ ಆಧಾರವೂ ಇದೆ ಎಂಬುದು ನನಗೆ ಆಮೇಲೆ ತಿಳಿಯಿತು. ಬೆಂಗಳೂರಿನ ಬಳಿಯ ಜಿಗಣಿಯಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು, ಅಂದರೆ ಡಾ. ಎಚ್.ಆರ್. ನಾಗೇಂದ್ರ ಅವರ ತಂಡದವರು, ಆವರ್ತನ ಧ್ಯಾನವೆಂಬ ಅಭ್ಯಾಸವನ್ನು ರೂಪಿಸಿದ್ದಾರೆ. ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲಿ ಬರುವ ಒಂದು ವಿಚಾರ ಅದಕ್ಕೆ ಮೂಲ: ಮನಸ್ಸು ಜಡವಾದಾಗ ಎಚ್ಚರಿಸಬೇಕು, ಚದುರಿದಾಗ ಶಾಂತಗೊಳಿಸಬೇಕು. ಅದರಂತೆ ನಿಂತು ಮಾಡುವ ಅರ್ಧಕಟಿಚಕ್ರಾಸನ, ಕುಳಿತು ಮಾಡುವ ಶಶಾಂಕಾಸನ ಮುಂತಾದ ಸರಳ ಆಸನಗಳನ್ನು ಅತಿ ನಿಧಾನವಾಗಿ ಮಾಡುತ್ತ, ನಡುನಡುವೆ ವಿಶ್ರಾಂತಿ ಪಡೆಯುತ್ತ ಹೋಗುವುದು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನವೊಂದರಲ್ಲಿ 40 ಪುರುಷರನ್ನು ಪರೀಕ್ಷಿಸಿದಾಗ, ಆವರ್ತನ ಧ್ಯಾನದ ನಂತರ ದೇಹವು ಬಳಸುವ ಆಮ್ಲಜನಕದ ಪ್ರಮಾಣ ಸುಮಾರು ಶೇ. 32ರಷ್ಟು ಇಳಿದಿತ್ತು, ಅಷ್ಟೇ ಹೊತ್ತು ಬರೀ ಶವಾಸನದಲ್ಲಿ ಮಲಗಿದ ನಂತರದ ಇಳಿಕೆ ಸುಮಾರು ಶೇ. 10. ಚಟುವಟಿಕೆಯ ಬಿಸಿಯಲ್ಲಿರುವ ವ್ಯಾಪಾರಿಯನ್ನು ನೇರವಾಗಿ ಕಣ್ಣು ಮುಚ್ಚಿ ಕೂರಿಸುವುದಕ್ಕಿಂತ, ಮೊದಲು ಮೈ ಬಗ್ಗಿಸಿ ನಂತರ ವಿಶ್ರಾಂತಿ ಕೊಡುವುದು ಲೇಸು ಎಂಬುದಕ್ಕೆ ನಾನು ಇದನ್ನು ಆಧಾರವಾಗಿ ತೆಗೆದುಕೊಂಡಿದ್ದೇನೆ.

ಉಸಿರಾಟದ ಲೆಕ್ಕವೂ ತಿಳಿಯಬೇಕಾದದ್ದೇ. ವಿಶ್ರಾಂತ ಸ್ಥಿತಿಯಲ್ಲಿ ನಾವು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತೇವೆ. ಆತಂಕದಲ್ಲಿ ಅದು ಹೆಚ್ಚುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲಿಯೇ ನಿಂತುಬಿಡುತ್ತದೆ. ಬ್ಯಾಂಕಿನ ನೋಟಿಸಿಗೂ ಎದುರಿಗೆ ಬಂದ ಚಿರತೆಗೂ ದೇಹ ತೋರುವ ಪ್ರತಿಕ್ರಿಯೆ ಒಂದೇ: ಅಡ್ರಿನಲಿನ್ ಸುರಿದು ಹೃದಯ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಚಿರತೆಯಾದರೆ ಓಡಿ ಮುಗಿಸಬಹುದು. ನೋಟಿಸು ಮೇಜಿನ ಮೇಲೆಯೇ ಕುಳಿತಿರುತ್ತದೆ. ಎದೆಬಡಿತವನ್ನು ನಾವು ಅಪ್ಪಣೆ ಕೊಟ್ಟು ಇಳಿಸಲಾರೆವು, ಆದರೆ ಉಸಿರನ್ನು ನಿಧಾನಿಸಬಲ್ಲೆವು. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಉಸಿರು ಬಿಡುವ ಅವಧಿಯನ್ನು ತೆಗೆದುಕೊಳ್ಳುವ ಅವಧಿಗಿಂತ ಉದ್ದವಾಗಿಸುವುದೇ ಇದರ ಕೀಲಿ. ಇಟಲಿಯ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 23 ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿದಾಗ, ಎರಡರಲ್ಲಿಯೂ ಉಸಿರಾಟ ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತಂತೆ. ಅಂಗಡಿಯ ಬಾಗಿಲು ತೆರೆದು, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಎರಡು ನಿಮಿಷ ಸ್ತೋತ್ರ ಹೇಳಿಕೊಂಡು ವ್ಯಾಪಾರ ಆರಂಭಿಸುತ್ತಿದ್ದ ನಮ್ಮ ಹಿರಿಯರು ಬಹುಶಃ ಇದನ್ನೇ ಮಾಡುತ್ತಿದ್ದರು. ನಾವು ಅದೇ ಎರಡು ನಿಮಿಷದಲ್ಲಿ ಮೊಬೈಲಿನ ಸಂದೇಶ ನೋಡುತ್ತೇವೆ.

ಪ್ರಯೋಜನ ಎಷ್ಟು?

ವ್ಯಾಪಾರಸ್ಥರು ಸರಕಿನ ಗುಣವನ್ನು ಜಾಹೀರಾತಿನಿಂದ ಅಳೆಯುವುದಿಲ್ಲ. ಯೋಗವನ್ನೂ ಹಾಗೆಯೇ ನೋಡೋಣ. ಅಮೆರಿಕದಲ್ಲಿ ಆತಂಕದ ಕಾಯಿಲೆಯಿರುವ 226 ಜನರನ್ನು ಮೂರು ಗುಂಪು ಮಾಡಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರಗಳ ನಂತರ ಕುಂಡಲಿನಿ ಯೋಗ ಮಾಡಿದವರಲ್ಲಿ ಸುಮಾರು ಶೇ. 54ರಷ್ಟು ಜನರಿಗೆ ಗಣನೀಯ ಸುಧಾರಣೆ ಕಂಡಿತು. ಒತ್ತಡದ ಬಗ್ಗೆ ಬರೀ ತಿಳಿವಳಿಕೆ ಪಡೆದವರಲ್ಲಿ ಅದು ಶೇ. 33. ಆದರೆ ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮನೋಚಿಕಿತ್ಸೆ ಪಡೆದವರಲ್ಲಿ ಶೇ. 71ರಷ್ಟಿತ್ತು. ಆರು ತಿಂಗಳು ಕಳೆದ ಮೇಲೆ ಯೋಗದ ಗುಂಪಿನ ಮೇಲುಗೈ ಉಳಿಯಲಿಲ್ಲ. 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 276 ಜನರ ಪೈಕಿ ಅರ್ಧದಷ್ಟು ಜನ ಎಂಟು ವಾರಗಳ ಧ್ಯಾನ ತರಬೇತಿಯನ್ನೂ, ಉಳಿದವರು ಎಸ್ಸಿಟಾಲೊಪ್ರಾಮ್ ಎಂಬ ಔಷಧವನ್ನೂ ಪಡೆದರು. ಧ್ಯಾನವು ಔಷಧಕ್ಕಿಂತ ಕಡಿಮೆಯೇನೂ ಆಗಲಿಲ್ಲ. ಆದರೆ ಅವರೆಲ್ಲ ವಾರದ ತರಗತಿಯ ಜೊತೆಗೆ ಪ್ರತಿದಿನ ಮನೆಯಲ್ಲಿ ಸುಮಾರು ಮುಕ್ಕಾಲು ಗಂಟೆ ಅಭ್ಯಾಸ ಮಾಡಬೇಕಿತ್ತು ಎಂಬುದನ್ನು ಗಮನಿಸಬೇಕು. ಯೋಗ ನಿಜವಾಗಿಯೂ ಕೆಲಸ ಮಾಡುತ್ತದೆ, ಎಲ್ಲರಿಗೂ ಅಲ್ಲ, ಬಿಟ್ಟರೆ ಉಳಿಯುವುದೂ ಇಲ್ಲ ಎಂದು ನಾನು ಇವುಗಳಿಂದ ಅರ್ಥಮಾಡಿಕೊಂಡಿದ್ದೇನೆ. ಯಂತ್ರಕ್ಕೆ ಎಣ್ಣೆ ಬಿಡುವ ಕೆಲಸದಂತೆ ಇದೂ ನಿತ್ಯದ್ದು.

ನನ್ನ ಅಭ್ಯಾಸ ಹೀಗಿದೆ. ಬೆಳಿಗ್ಗೆ ಆರರಿಂದ ಆರೂವರೆ: ನಿಂತು, ಕುಳಿತು ಮಾಡುವ ಐದಾರು ಆಸನ, ನಡುವೆ ವಿಶ್ರಾಂತಿ, ಕೊನೆಗೆ ನಾಡಿಶೋಧನ, ಉಸಿರು ಬಿಗಿಹಿಡಿಯದೆ. ಆ ಅರ್ಧ ಗಂಟೆ ಮೊಬೈಲು ಬೇರೆ ಕೋಣೆಯಲ್ಲಿರುತ್ತದೆ. ಮಧ್ಯಾಹ್ನ ಊಟಕ್ಕೆ ಮುನ್ನ ಕುರ್ಚಿಯಲ್ಲಿಯೇ ಕುಳಿತು ಐದು ನಿಮಿಷ, ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಂಡು ಆರು ಎಣಿಸುತ್ತ ಬಿಡುವುದು. ಭ್ರಾಮರಿಯೂ ಇದಕ್ಕೆ ಒಳ್ಳೆಯದು, ಏಕೆಂದರೆ ಗುಂಯ್‌ಗುಡುವಾಗ ಉಸಿರು ತಾನಾಗಿ ಉದ್ದವಾಗುತ್ತದೆ. ಆದರೆ ಅದನ್ನು ಮನೆಗೆ ಮೀಸಲಿಟ್ಟಿದ್ದೇನೆ. ಕಚೇರಿಯಲ್ಲಿ ಮಾಡಿದ ದಿನ ಕಂಪ್ರೆಸರ್ ಕೆಟ್ಟಿದೆಯೆಂದು ಮೆಕ್ಯಾನಿಕ್ ಓಡಿಬಂದಿದ್ದ. ದಿನವಿಡೀ ಗಾದಿಯ ಮೇಲೆ ಕೂರುವ ವ್ಯಾಪಾರಿ ಮಿತ್ರರಿಗೆ ಬೆನ್ನು, ಕತ್ತಿನ ನೋವೂ ಒತ್ತಡದ ಜೊತೆಗಾರನಾದ್ದರಿಂದ, ಎರಡು ತಾಸಿಗೊಮ್ಮೆ ಎದ್ದು ತಾಡಾಸನದಂತೆ ಕೈ ಮೇಲೆತ್ತಿ ನಿಂತರೂ ಲಾಭವುಂಟು. ಗಿರಾಕಿಗಳು ತಪ್ಪು ತಿಳಿಯಲಾರರು.

ರಾತ್ರಿಗೆ ಒಂದು ಕಿರ್ದಿ ಇಟ್ಟಿದ್ದೇನೆ. ಕಾರ್ಖಾನೆಯ ಬಾಗಿಲು ಹಾಕುವ ಮುನ್ನ, ಅಂದಿನ ಚಿಂತೆಗಳನ್ನು ಎಡಬಲ ಎರಡು ಕಲಮುಗಳಲ್ಲಿ ಬರೆಯುವುದು. ನಾಳೆ ಏನಾದರೂ ಮಾಡಲು ಸಾಧ್ಯವಿರುವುದು ಎಡಕ್ಕೆ, ಎಷ್ಟು ಗಂಟೆಗೆ ಎಂಬುದರೊಂದಿಗೆ: ಹತ್ತಕ್ಕೆ ಬ್ಯಾಂಕಿಗೆ ಹೋಗಿ ಮಾತಾಡುವುದು, ಹನ್ನೊಂದಕ್ಕೆ ಬಾಕಿದಾರರಿಗೆ ಪತ್ರ. ಏನೂ ಮಾಡಲಾಗದ್ದು ಬಲಕ್ಕೆ: ಉಕ್ಕಿನ ದರ, ಮಳೆ, ಮಗನ ಪರೀಕ್ಷೆ. ಮೂರು ಗಂಟೆಗೆ ಎಚ್ಚರವಾದರೆ, ಆ ಚಿಂತೆ ಪುಸ್ತಕದಲ್ಲಿ ಜಮೆಯಾಗಿದೆ ಎಂದುಕೊಂಡು ಉಸಿರು ಎಣಿಸತೊಡಗುತ್ತೇನೆ. ಅನೇಕ ರಾತ್ರಿ ನಿದ್ರೆ ಬರುತ್ತದೆ. ಕೆಲವು ರಾತ್ರಿ ಬರುವುದಿಲ್ಲ.

ಮಾಸ್ತರರು ಕೊಟ್ಟ ಇನ್ನೊಂದು ನಿಯಮ, ಕೆಟ್ಟ ಸುದ್ದಿಯ ಫೋನಿಗೆ ಮೂರು ಉಸಿರಿನವರೆಗೆ ಉತ್ತರಿಸಬಾರದು ಎಂಬುದು. 2022ರಲ್ಲಿ ಗ್ರಾಹಕರೊಬ್ಬರು ಫೋನು ಮಾಡಿ, ನಾವು ಕಳುಹಿಸಿದ 40 ವಾಲ್ವ್ ಬಾಡಿಗಳ ಇಡೀ ಲಾಟನ್ನು ತಿರಸ್ಕರಿಸಿರುವುದಾಗಿ ಹೇಳಿದರು. ಹಳೆಯ ನಾನಾಗಿದ್ದರೆ ಅಲ್ಲಿಯೇ ಜಗಳ ಕಾಯುತ್ತಿದ್ದೆ. ಮೂರು ಉಸಿರು ಬಿಟ್ಟು, ತಪಾಸಣೆಯ ವರದಿ ಕಳುಹಿಸಿರಿ, ನಾಳೆ ನಮ್ಮ ಗೇಜುಗಳೊಂದಿಗೆ ನಾನೇ ಬರುತ್ತೇನೆ ಎಂದೆ. ಇಬ್ಬರೂ ಕುಳಿತು ಅಳೆದಾಗ 9 ನಿಜವಾಗಿಯೂ ಕೆಟ್ಟಿದ್ದವು, 31 ಸರಿಯಿದ್ದವು. ಆ ಗ್ರಾಹಕರು ಈಗಲೂ ನಮ್ಮೊಂದಿಗಿದ್ದಾರೆ.

ಯೋಗದ ಮಿತಿ

ಯೋಗದಿಂದ ಬಾಕಿ ವಸೂಲಾಗುವುದಿಲ್ಲ. ನನ್ನ 11 ಲಕ್ಷಕ್ಕೆ ನಾನು 2018ರಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸಿದೆ. 2020ರ ಆರಂಭದಲ್ಲಿ ಅಸಲು ಕೈಸೇರಿತು, ಬಡ್ಡಿಯನ್ನು ರಾಜಿಯಲ್ಲಿ ಬಿಟ್ಟುಕೊಟ್ಟೆ. ಕಾಯ್ದೆಯ ಪ್ರಕಾರ ತಡವಾದ ಪಾವತಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಗೆ ನಾವು ಅರ್ಹರು ಎಂಬುದನ್ನು ಉತ್ಪಾದಕ ಸದಸ್ಯರು ನೆನಪಿಡಬೇಕು. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿ ದೊರೆತರೂ ಅದು ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಯಿತು. ತಡಪಾವತಿಯ ಈ ರಕ್ಷಣೆ ಅವರಿಗೆ ಒದಗಲಿಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ. ಅರ್ಜಿ ಹಾಕಬೇಕಾದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕುಳಿತರೆ ಅದು ಧ್ಯಾನವಾಗದು, ಹೊಣೆಯಿಂದ ನುಣುಚಿಕೊಂಡಂತೆ ಆಗುತ್ತದೆ.

ಎರಡನೆಯ ಮಿತಿ ಇನ್ನೂ ಗಂಭೀರವಾದದ್ದು. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಸಂಜೆಯಾದೊಡನೆ ಮದ್ಯ ಬೇಕೆನಿಸುವುದು, ಬದುಕು ಸಾಕೆಂಬ ಆಲೋಚನೆ ಬರುವುದು: ಇವುಗಳಿಗೆ ಪ್ರಾಣಾಯಾಮವೊಂದನ್ನೇ ನೆಚ್ಚಿಕೊಂಡು ಕೂರಬಾರದು. ನಮ್ಮ ಭಾಗದಲ್ಲಿ "ಇವನ್ನ ಧಾರವಾಡಕ್ಕ ಕಳಸಬೇಕು" ಎಂಬ ಕುಚೋದ್ಯದ ಮಾತಿದೆ. ಅಲ್ಲಿಯ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಗಿ ಬೆಳೆದಿದ್ದರೂ ಆ ಮಾತು ಮಾತ್ರ ಬದಲಾಗಿಲ್ಲ. ಆ ನಗೆಗೆ ಅಂಜಿಯೇ ನಮ್ಮ ಎಷ್ಟೋ ಜನ ಬಾಂಧವರು ವೈದ್ಯರ ಬಳಿ ಹೋಗುವುದಿಲ್ಲ. ನಮ್ಮ ವಸಾಹತಿನಲ್ಲಿಯೇ ಒಬ್ಬರು ಸಾಲದ ಚಿಂತೆಯಲ್ಲಿ ಮಾತು ಕಡಿಮೆ ಮಾಡುತ್ತ, ಸಭೆಗಳಿಗೆ ಬರುವುದನ್ನು ನಿಲ್ಲಿಸಿ, ಕೊನೆಗೆ ಘಟಕಕ್ಕೂ ಬರದಾದರು. ಕೇಳಿದಾಗಲೆಲ್ಲ ಗ್ಯಾಸ್ ಎನ್ನುತ್ತಿದ್ದರು. ಅವರ ಮನೆಯವರು ಗಟ್ಟಿ ಮನಸ್ಸು ಮಾಡಿ ಅವರನ್ನು ವೈದ್ಯರ ಬಳಿಗೆ ಕರೆದೊಯ್ದದ್ದರಿಂದ ಇಂದು ಅವರು ನಮ್ಮೊಂದಿಗಿದ್ದಾರೆ; ಮಾತ್ರೆಯೂ ಉಂಟು, ಈಗ ಯೋಗವೂ ಉಂಟು. ಬಿ.ಪಿ., ಸಕ್ಕರೆ ಕಾಯಿಲೆ, ಮನಸ್ಸಿನ ಕಾಯಿಲೆ ಯಾವುದಕ್ಕಾದರೂ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಯೋಗ ಆರಂಭಿಸಿದೆನೆಂದು ತಾವಾಗಿ ಬಿಡಬಾರದು. ನನ್ನ ಬಿ.ಪಿ. ಮಾತ್ರೆಯ ಪ್ರಮಾಣವನ್ನು ಎರಡು ವರ್ಷದ ನಂತರ ಅರ್ಧಕ್ಕೆ ಇಳಿಸಿದವರು ವೈದ್ಯರು, ನಾನಲ್ಲ.

ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರು 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲಿಯೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಕೊನೆಯದಾಗಿ ನಮ್ಮ ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ತೆರಿಗೆಯ ಕಾರ್ಯಾಗಾರಗಳನ್ನು ನಡೆಸುವಂತೆ, ಸದಸ್ಯರಿಗೂ ಅವರ ಮೇಲ್ವಿಚಾರಕರಿಗೂ ಸೇರಿಸಿ ಎಂಟು ವಾರಗಳ ಬೆಳಗಿನ ಯೋಗ ತರಗತಿಯೊಂದನ್ನು ಸಭಾಂಗಣದಲ್ಲಿ ಏರ್ಪಡಿಸಬಹುದು. ಆರೂವರೆಗೆ ಆರಂಭವಾಗಿ ಏಳೂಕಾಲಕ್ಕೆ ಮುಗಿಯಲಿ. ಅದಕ್ಕಿಂತ ತಡವಾದರೆ ಮಾರುಕಟ್ಟೆಯವರು ಬರಲಾರರು. ಮೊದಲ ದಿನವೇ ಎಲ್ಲರ ರಕ್ತದೊತ್ತಡ ನೋಡಲು ಒಬ್ಬ ವೈದ್ಯರಿರಲಿ. ಉದ್ಘಾಟನೆಯ ಭಾಷಣಗಳನ್ನು ಕೈಬಿಟ್ಟರೆ ಒಳಿತು. ಮತ್ತು ಯಾವ ಕಾರಣಕ್ಕೂ ಅದನ್ನು 20ನೇ ತಾರೀಖು ಆರಂಭಿಸಬಾರದು; ಅಂದು ಯಾರೂ ಬರುವುದಿಲ್ಲ, ನಾನೂ ಸೇರಿದಂತೆ.